‘ಹೋದ ಸಲ ಏನ್ ಹೊಡದಿದ್ರಿ?’ ಅಂತ ಕೇಳುವ ಅಂಗಡಿ

ದುಡ್ಡು ಕೈಯಲ್ಲಿ ಹಿಡಿದು ನಿಂತ ಗಿರಾಕಿಗೆ "ಇದನ್ನ ನಿಮಗ ಕೊಡಂಗಿಲ್ರಿ ಅಕ್ಕಾರ" ಎನ್ನುವ ಔಷಧದ ಅಂಗಡಿಯನ್ನು ನಾನು ಹುಬ್ಬಳ್ಳಿಯಲ್ಲಿ ನೋಡಿದ್ದು ಇದೊಂದೇ. ದುರ್ಗದಬೈಲಿನ ಹಿಂದಿನ ಓಣಿಗಳಲ್ಲೊಂದರಲ್ಲಿ ಬೀಜ, ಗೊಬ್ಬರ, ಎಣ್ಣೆ ಮಾರುವ ಹಳೆಯ ಅಂಗಡಿ. ಬೆಳೆಗೆ ಹೊಡೆಯುವ ಔಷಧಕ್ಕೆಲ್ಲ ನಮ್ಮ ಕಡೆ ಎಣ್ಣೆ ಅಂತಲೇ ಹೆಸರು. ತಂದೆ ಮಗಳು ಇಬ್ಬರೇ ನಡೆಸುತ್ತಾರೆ. ಹೆಸರು ಹಾಕಬೇಡಿ ಎಂದು ಹಿರಿಯರು ಹೇಳಿದ್ದಾರೆ, ಅದಕ್ಕೇ ಹಾಕಿಲ್ಲ. ಹೆಸರಿಲ್ಲದ ಅಂಗಡಿಯ ಬಗ್ಗೆ ಇಷ್ಟುದ್ದ ಬರೆಯುವುದಕ್ಕೆ ಕಾರಣವಿದೆ. ಅವರು ವ್ಯಾಪಾರ ಮಾಡುವ ರೀತಿ ನಿಮಗೆ ಗೊತ್ತಾದರೆ, ನಿಮ್ಮೂರಿನ ಅಂಗಡಿಯಲ್ಲೂ ಅದನ್ನೇ ಕೇಳಬಹುದು.

ನಮ್ಮದು ಮದುವೆ, ಕುಬಸ, ತೊಟ್ಟಿಲು ಕಾರ್ಯಕ್ರಮಗಳಿಗೆ ಬಾಡಿಗೆ ಕೊಡುವ ಲಾನ್. ನವನಗರದಿಂದ ಸ್ವಲ್ಪ ಒಳಗೆ, ಹದಿನೆಂಟು ಗುಂಟೆ ಹುಲ್ಲು. ಕೆಳಗೆ ಎರಿ ಮಣ್ಣು, ಅದರ ಮೇಲೆ ಅರ್ಧ ಅಡಿ ಮಸಾರಿ ಹಾಕಿಸಿ ಮಾವನವರು ಹಚ್ಚಿಸಿದ್ದು. ನರ್ಸರಿಯವರು ‘ಸೆಲೆಕ್ಷನ್ ಒನ್’ ಅಂತ ಮಾರುವ ಬರ್ಮುಡಾ ಹುಲ್ಲು, ಅಂದರೆ ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ. ಹನ್ನೊಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಮಂಟಪದ ಹೂವಿನ ಅಲಂಕಾರವನ್ನು ಮಂದಿ ಒಂದು ತಾಸಿಗೆ ಮರೆಯುತ್ತಾರೆ, ಆದರೆ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟ ತಣ್ಣನೆಯ ಅನುಭವ ಅವರ ನೆನಪಿನಲ್ಲಿ ಉಳಿಯುತ್ತದೆ. ಬುಕಿಂಗ್ ಮಾಡಲು ಬಂದವರು ಮೊದಲು ನೋಡುವುದೂ ಅದನ್ನೇ.

ಎರಡು ವರ್ಷದ ಹಿಂದೆ ಮನೆಯಲ್ಲಿ ಕಾಯಿಲೆ ಬಂದು ನನಗೆ ಸಮಯವಾಗದೆ, ಲಾನ್ ನೋಡಿಕೊಳ್ಳುವ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದೆ. ಯಾರೆಂದು ಇಲ್ಲಿ ಹೇಳುವುದಿಲ್ಲ. ಕತ್ತರಿಸುವುದು, ಗೊಬ್ಬರ ಹಾಕುವುದು, ಎಣ್ಣೆ ಹೊಡೆಯುವುದು ಎಲ್ಲ ಅವರದೇ. ರೋಗ ಇರಲಿ ಬಿಡಲಿ, ಹದಿನೈದು ದಿನಕ್ಕೊಮ್ಮೆ ಕಾರ್ಬೆಂಡಜಿಮ್ ಎನ್ನುವ ಶಿಲೀಂಧ್ರನಾಶಕ, ಅಂದರೆ ಬೂಷ್ಟಿನ ಔಷಧ, ಹೊಡೆಯುತ್ತಿದ್ದರು. "ಮುಂಜಾಗ್ರತೆ ಮೇಡಂ" ಎನ್ನುತ್ತಿದ್ದರು, ನನಗೂ ಅದು ಸರಿ ಅನ್ನಿಸಿತ್ತು. ವರ್ಷಪೂರ್ತಿ ಅದೇ ಬಿಳಿ ಪುಡಿ, ಅದೇ ಪಂಪು. ಅವರ ಹುಲ್ಲು ಕತ್ತರಿಸುವ ಯಂತ್ರ ಅವಳಿ ನಗರದ ಎಷ್ಟೋ ಲಾನುಗಳನ್ನು ಸುತ್ತಿ ನಮ್ಮಲ್ಲಿಗೆ ಬರುತ್ತಿತ್ತು. ಅದರ ಬ್ಲೇಡು ತೊಳೆದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಹೋದ ಶ್ರಾವಣದ ಕೊನೆಗೆ ಹುಲ್ಲಿನಲ್ಲಿ ಒಣಗಿದ ಚುಕ್ಕೆಗಳು ಕಂಡವು. ಮೊದಲು ಹಳೆಯ ದೊಡ್ಡ ರೂಪಾಯಿ ನಾಣ್ಯದಷ್ಟು, ಒಂದು ವಾರದಲ್ಲಿ ಅಂಗೈಯಷ್ಟು, ಆಮೇಲೆ ಒಂದಕ್ಕೊಂದು ಕೂಡಿಕೊಂಡು ಚಾಪೆಯಷ್ಟು. ಮಧ್ಯಾಹ್ನ ನೋಡಿದರೆ ನೀರಿಲ್ಲದೆ ಒಣಗಿದ ಹಾಗೆ ಕಾಣುತ್ತದೆ. ಆರಕ್ಕೆ ಎದ್ದು ಹೋಗಿ ಮೊಣಕಾಲೂರಿ ನೋಡಿದರೆ ಬೇರೆಯೇ ಚಿತ್ರ. ಚುಕ್ಕೆಯ ಅಂಚಿನ ಎಸಳುಗಳ ನಡುವೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು, ಅವುಗಳ ಮೇಲೆ ಇಬ್ಬನಿಯ ಹನಿಗಳು. ಒಂಬತ್ತು ಗಂಟೆಯ ಬಿಸಿಲಿಗೆ ಆ ಎಳೆಗಳ ಗುರುತೂ ಇರುವುದಿಲ್ಲ. ಒಂದು ಎಸಳನ್ನು ಕಿತ್ತು ಬೆಳಕಿಗೆ ಹಿಡಿದರೆ ನಡುವೆ ಗೋಧಿ ಹೊಟ್ಟಿನ ಬಣ್ಣದ ಗಾಯ. ಮೇಲೆ ಕೆಳಗೆ ಅಗಲ, ನಡುವೆ ಸಣ್ಣ, ಥೇಟ್ ಶಿವನ ಡಮರು. ಅದರ ಅಂಚಿಗೆ ಇಟ್ಟಂಗಿ ಬಣ್ಣದ ಸಣ್ಣ ಗೆರೆ. ಈ ರೋಗಕ್ಕೆ ಡಾಲರ್ ಸ್ಪಾಟ್ ಎಂದು ಹೆಸರು ಎನ್ನುವುದು ನನಗೆ ಆಮೇಲೆ ತಿಳಿಯಿತು. ಅಮೆರಿಕದ ಬೆಳ್ಳಿ ಡಾಲರ್ ನಾಣ್ಯದಷ್ಟು ಚುಕ್ಕೆ ಆಗುತ್ತದೆಂದು ಅಲ್ಲಿಯವರು ಇಟ್ಟ ಹೆಸರು.

ಗುತ್ತಿಗೆ ಅಷ್ಟೊತ್ತಿಗೆ ಮುಗಿದಿತ್ತು. ನಾನೇ ಹತ್ತಿರದ ಅಂಗಡಿಗೆ ಹೋಗಿ "ಹುಲ್ಲಿಗೆ ಬೂಷ್ಟು ಬಂದದ" ಎಂದೆ. ಕಾರ್ಬೆಂಡಜಿಮ್ ಕೊಟ್ಟರು. ಹೊಡೆದೆ, ಏನೂ ಆಗಲಿಲ್ಲ. ಇನ್ನೊಂದು ಅಂಗಡಿಗೆ ಹೋದೆ. "ಹಳೇದು ಬಿಡ್ರಿ, ಇದು ಹೊಸದು, ಪವರ್ ಐತಿ" ಎಂದು ಥಯೋಫನೇಟ್ ಮಿಥೈಲ್ ಕೊಟ್ಟರು. ಬೇರೆ ಕಂಪನಿ, ಬೇರೆ ಬಣ್ಣದ ಪೊಟ್ಟಣ, ಹೆಚ್ಚಿನ ಬೆಲೆ. ಅದೂ ಆಗಲಿಲ್ಲ. ಮೂರನೆಯ ಕಡೆ ಕಾರ್ಬೆಂಡಜಿಮ್ ಮತ್ತು ಮ್ಯಾಂಕೋಜೆಬ್ ಕೂಡಿಸಿದ ಪುಡಿ ಕೊಟ್ಟರು. ಅದಕ್ಕೆ ಸ್ವಲ್ಪ ತಡೆದ ಹಾಗಾಗಿ, ಎಂಟು ದಿನಕ್ಕೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಆರು ಸಾವಿರ ರೂಪಾಯಿಗೂ ಮೇಲೆ ಖರ್ಚಾಗಿತ್ತು. ತುಳಸಿ ಲಗ್ನ ಮುಗಿದರೆ ಮದುವೆಗಳು ಶುರು. ಮೊದಲ ಬುಕಿಂಗಿಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಈ ಅಂಗಡಿಯ ದಾರಿ ತೋರಿಸಿದವರು ಕುಂದಗೋಳ ಕಡೆಯ ಒಬ್ಬ ಮೆಣಸಿನಕಾಯಿ ರೈತರು, ನಮ್ಮ ಲಾನಿಗೆ ಕೊಟ್ಟಿಗೆ ಗೊಬ್ಬರ ಕೊಡುವವರು. "ಅಲ್ಲಿ ಹೋಗ್ರಿ, ಬೈತಾರ, ಆದ್ರ ಸುಳ್ಳು ಹೇಳಂಗಿಲ್ಲ" ಎಂದರು.

ಹೋದೆ. ಮತ್ತೆ ಅದೇ ಕೂಡಿಸಿದ ಪುಡಿ ಎರಡು ಕಿಲೋ ಬೇಕು ಎಂದೆ. ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೇಳಿದ ಮೊದಲ ಮಾತು, "ಹೋದ ಸಲ ಏನ್ ಹೊಡದಿದ್ರಿ?" ಹೇಳಿದೆ. "ಅದಕ್ಕಿಂತ ಮೊದ್ಲ?" ಅದನ್ನೂ ಹೇಳಿದೆ. "ಅದಕ್ಕಿಂತ ಮೊದ್ಲ?" ಗುತ್ತಿಗೆಯ ಕಥೆ ಹೇಳಬೇಕಾಯಿತು. ಅಲ್ಲಿಗೇ ಮುಗಿಯಲಿಲ್ಲ. ಹದಿನೆಂಟು ಗುಂಟೆಗೆ ಎಷ್ಟು ಕ್ಯಾನ್ ಹೊಡೆದಿರಿ? ನಳಿಕೆಯ ತುದಿ ಯಾವುದು? ಹೊಡೆದ ಮೇಲೆ ಎಷ್ಟು ತಾಸಿಗೆ ಮಳೆ ಬಂತು? ಹೊಡೆದ ದಿನವೇ ಹುಲ್ಲು ಕತ್ತರಿಸಿದಿರೇನು? ನೀರು ಯಾವ ಹೊತ್ತಿಗೆ ಬಿಡುತ್ತೀರಿ? ರೋಗ ಇದೇ ಎಂದು ಯಾರು ಹೇಳಿದರು? ಹಿಂದೆ ನಾಲ್ಕು ಮಂದಿ ಕಾಯುತ್ತಿದ್ದರು. ನನಗೆ ಮೊದಲು ಸಿಟ್ಟೇ ಬಂತು. ಆಮೇಲೆ ಅರ್ಥವಾಯಿತು, ಡಾಕ್ಟರು ನಾಡಿ ಹಿಡಿದು ಕೇಳುವ ಹಾಗೆ ಇವರು ಕೇಳುತ್ತಿದ್ದಾರೆ. "ಎಣ್ಣಿ ಸೋತ್ರ ಮೊದ್ಲ ಹೊಡದವರ ಕೈ ನೋಡ್ಬೇಕು, ಆಮ್ಯಾಲೆ ರೋಗ ನೋಡ್ಬೇಕು" ಎಂದರು. ಕೈ ತಪ್ಪಿದ್ದೂ ನಿಜವೇ ಆಗಿತ್ತು. ಹದಿನಾರು ಲೀಟರಿನ ಕ್ಯಾನು ಎರಡು ಗುಂಟೆಗೆ ಒಂದರಂತೆ ಒಂಬತ್ತು ಬೇಕು. ಗುತ್ತಿಗೆಯವರು ಮೂರೇ ಹೊಡೆಯುತ್ತಿದ್ದರು, ಅದನ್ನು ನೋಡಿ ನಾನೂ ಮೂರೇ ಹೊಡೆಸಿದ್ದೆ.

ಆದರೂ ಅವರು ಆ ಪುಡಿ ಕೊಡಲಿಲ್ಲ. ನನ್ನ ಚೀಲದಲ್ಲಿದ್ದ ಮೂರು ಖಾಲಿ ಪೊಟ್ಟಣಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಕಪ್ಪು ಮಾರ್ಕರಿನಿಂದ ಮೊದಲನೆಯದರ ಮೇಲೆ 1 ಎಂದು ಬರೆದರು. ಎರಡನೆಯದರ ಮೇಲೂ 1. ಮೂರನೆಯದರ ಮೇಲೆ 1, ಅದರ ಪಕ್ಕ ಎಂ. "ಮೂರು ಅಂಗಡಿ ತಿರಗೀರಿ. ಒಂದ ಎಣ್ಣಿ ಮೂರು ಸಲ ತಂದೀರಿ."

ಈ ಸಂಖ್ಯೆಗಳು ಅವರು ಕಟ್ಟಿದ್ದಲ್ಲ. ಶಿಲೀಂಧ್ರನಾಶಕಗಳು ರೋಗಾಣುವಿನ ಯಾವ ಜಾಗಕ್ಕೆ ಹೊಡೆಯುತ್ತವೆ ಎನ್ನುವುದರ ಮೇಲೆ ಜಗತ್ತಿನಲ್ಲೆಲ್ಲ ಅವುಗಳನ್ನು ಗುಂಪು ಮಾಡಿದ್ದಾರೆ. ಇದನ್ನು ನೋಡಿಕೊಳ್ಳಲು ಫ್ರಾಕ್ ಎನ್ನುವ ಸಮಿತಿ 1981ರಿಂದ ಇದೆ. ಕಾರ್ಬೆಂಡಜಿಮ್ ಗುಂಪು 1. ಥಯೋಫನೇಟ್ ಮಿಥೈಲ್ ಕೂಡ ಗುಂಪು 1, ಅದು ಗಿಡದೊಳಗೆ ಹೋಗಿ ಕಾರ್ಬೆಂಡಜಿಮ್ ಆಗಿಯೇ ಕೆಲಸ ಮಾಡುತ್ತದೆ. ಪ್ರೋಪಿಕೊನಜೋಲ್, ಟೆಬುಕೊನಜೋಲ್, ಡೈಫೆನೊಕೊನಜೋಲ್ ಗುಂಪು 3. ಅಜಾಕ್ಸಿಸ್ಟ್ರೋಬಿನ್ ಗುಂಪು 11. ಮ್ಯಾಂಕೋಜೆಬ್, ಕ್ಲೋರೋಥಲೋನಿಲ್ ಎಂ, ಅಂದರೆ ಒಂದೇ ಕಡೆ ಅಲ್ಲ, ಹಲವು ಕಡೆ ಒಮ್ಮೆಗೇ ಹೊಡೆಯುವಂಥವು. ನಾನು ತಂದ ಯಾವ ಪೊಟ್ಟಣದ ಮೇಲೂ ಈ ಸಂಖ್ಯೆ ಮುದ್ರಿಸಿರಲಿಲ್ಲ. ಈ ಅಂಗಡಿಯಲ್ಲಿ ಮಾತ್ರ ಗಾಜಿನ ಕಪಾಟಿನಲ್ಲಿ ಪ್ರತಿ ಡಬ್ಬಿಯ ಮೇಲೂ ಮಾರ್ಕರಿನಲ್ಲಿ ಸಂಖ್ಯೆ ಇದೆ. ಕಂಪನಿ ಪ್ರಕಾರ ಅಲ್ಲ, ಸಂಖ್ಯೆಯ ಪ್ರಕಾರ ಜೋಡಿಸಿದ್ದಾರೆ. ಇಂಗ್ಲಿಷ್ ಓದಲು ಬಾರದ ರೈತರೂ "ಹೋದ ಸಲ ಮೂರು ಒಯ್ದಿದ್ದೆ, ಈ ಸಲ ಬ್ಯಾರೆ ಕೊಡ್ರಿ" ಎಂದು ಕೇಳುವುದನ್ನು ನಾನು ಕಿವಿಯಾರೆ ಕೇಳಿದೆ. ಅಂಗಡಿಯ ಬಗ್ಗೆ ಒಂದೇ ಒಂದು ಸಂಗತಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಸಂಜೆ ಆರರ ಮೇಲೆ ಮಗಳು ಬಂದು ಕೂರುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗಶಾಸ್ತ್ರ ಓದಿದವರು. ನಾನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ದಿದ್ದ ಹುಲ್ಲಿನ ಹೆಂಟೆಯನ್ನು ಭೂತಗನ್ನಡಿಯಲ್ಲಿ ನೋಡಿ, ಡಮರುವನ್ನು ನನಗೂ ತೋರಿಸಿ, ಮೇಲೆ ಒದ್ದೆ ಬಟ್ಟೆ ಹಾಸಿ ಬೆಳಗಿನವರೆಗೆ ಇಟ್ಟು ಬಿಳಿ ಎಳೆ ಬರುತ್ತದೆಯೋ ನೋಡಿ ಎಂದರು. ಬಂತು. ಈ ಶಿಲೀಂಧ್ರಕ್ಕೆ 1937ರಲ್ಲಿ ಇಟ್ಟ ಹೆಸರು ಸ್ಕ್ಲೆರೊಟಿನಿಯಾ ಹೋಮಿಯೊಕಾರ್ಪಾ, 2018ರಲ್ಲಿ ಅದನ್ನು ಕ್ಲಾರಿರೀಡಿಯಾ ಎಂಬ ಹೊಸ ಕುಲಕ್ಕೆ ಸೇರಿಸಿದರು. ಇದು ಬೀಜಕಣ ಹಾರಿಸಿ ಹರಡುವುದು ಕಡಿಮೆ. ಕತ್ತರಿಸುವ ಯಂತ್ರಕ್ಕೆ, ಬೂಟಿಗೆ, ಹಸಿ ಹುಲ್ಲಿನ ಚೂರಿಗೆ ಅಂಟಿಕೊಂಡು ಊರೂರು ತಿರುಗುತ್ತದೆ. ಅಂದರೆ ಬೇರೆ ಯಾರದೋ ಲಾನಿನಲ್ಲಿ ಕಾರ್ಬೆಂಡಜಿಮ್ಮಿಗೆ ಜಗ್ಗದೆ ಉಳಿದದ್ದು ನಮ್ಮ ಹುಲ್ಲಿಗೆ ಬಂದಿರಲೂಬಹುದು, ನಮ್ಮಲ್ಲೇ ಹುಟ್ಟಿರಲೂಬಹುದು.

ಜಗ್ಗದೆ ಉಳಿಯುವುದು ಅಂದರೆ ಏನು ಎಂದು ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಗುಂಪು 1ರ ಔಷಧ ಶಿಲೀಂಧ್ರದ ಕೋಶ ಒಡೆದು ಎರಡಾಗುವಾಗ ಬೇಕಾಗುವ ಟ್ಯೂಬುಲಿನ್ ಎನ್ನುವ ಪ್ರೊಟೀನಿಗೆ ಹೋಗಿ ಕೂರುತ್ತದೆ. ಕೂತರೆ ಕೋಶ ಒಡೆಯುವುದಿಲ್ಲ, ಶಿಲೀಂಧ್ರ ಬೆಳೆಯುವುದಿಲ್ಲ. ಆದರೆ ಕೋಟಿಯಲ್ಲಿ ಒಂದಕ್ಕೆ ಆ ಪ್ರೊಟೀನಿನ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬೇರೆ ಇರುತ್ತದೆ, ಬಹಳ ಸಲ 198ನೆಯ ಕೊಂಡಿ. ಅಷ್ಟಕ್ಕೇ ಔಷಧಕ್ಕೆ ಕೂರಲು ಜಾಗ ಸಿಗುವುದಿಲ್ಲ. ಔಷಧ ಆ ಬದಲಾವಣೆಯನ್ನು ಮಾಡುವುದಿಲ್ಲ, ಅದು ಮೊದಲೇ ಎಲ್ಲೋ ಇರುತ್ತದೆ. "ಕಳೆ ತೆಗೆದಂಗ ನೀವು ಬಗ್ಗುವಂಥವನ್ನ ಎಲ್ಲ ತೆಗದ್ರಿ. ಬಗ್ಗದವಕ್ಕ ಹೊಲ ಹಸನ ಮಾಡಿ ಕೊಟ್ರಿ" ಎಂದರು. ಹದಿನೈದು ದಿನಕ್ಕೊಮ್ಮೆ, ವರ್ಷಪೂರ್ತಿ, ನಾನೇ ದುಡ್ಡು ಕೊಟ್ಟು ಮಾಡಿಸಿದ ಕೆಲಸ ಅದು. ಆ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಈ ರೋಗಕ್ಕೆ ಇದು ಹೊಸ ಕಥೆಯಲ್ಲವಂತೆ. ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಮೊದಲು ಪಾದರಸ, ಕ್ಯಾಡ್ಮಿಯಂ ಇರುವ ಔಷಧಗಳನ್ನು ಹೊಡೆಯುತ್ತಿದ್ದರು, 1960ರ ದಶಕದ ಕೊನೆಗೆ ಅವಕ್ಕೆ ಜಗ್ಗದ ಡಾಲರ್ ಸ್ಪಾಟ್ ಕಂಡಿತು. ಆಗ ತಾನೇ ಬಂದಿದ್ದ ಬೆನೊಮಿಲ್ ಎಂಬ ಗುಂಪು 1ರ ಔಷಧವನ್ನು ಹಿಡಿದರು, ಕೆಲವೇ ವರ್ಷಗಳಲ್ಲಿ, 1970ರ ದಶಕದ ಮೊದಲರ್ಧದಲ್ಲೇ ಅದೂ ಸೋತಿತು. 1990ರ ದಶಕದಲ್ಲಿ ಗುಂಪು 3ಕ್ಕೂ ಬಗ್ಗುವುದು ಕಡಿಮೆಯಾದದ್ದು ಕಂಡಿತು. ಆದರೆ ಗುಂಪು 3 ಸೋಲುವ ರೀತಿ ಬೇರೆ. ಗುಂಪು 1 ವಿದ್ಯುತ್ ಸ್ವಿಚ್ಚಿನ ಹಾಗೆ, ಇದ್ದರೆ ಇದೆ, ಹೋದರೆ ಪೂರ್ತಿ ಹೋಯಿತು, ನಾಲ್ಕು ಪಟ್ಟು ಹೊಡೆದರೂ ಪ್ರಯೋಜನವಿಲ್ಲ. ಗುಂಪು 3 ಮೆಟ್ಟಿಲು ಇಳಿದ ಹಾಗೆ. ಮೊದಲು ಇಪ್ಪತ್ತೊಂದು ದಿನ ತಡೆಯುತ್ತಿದ್ದದ್ದು ಹದಿನಾಲ್ಕಕ್ಕೆ ಇಳಿಯುತ್ತದೆ, ಆಮೇಲೆ ಹತ್ತಕ್ಕೆ. ಎಚ್ಚರವಿದ್ದರೆ ನಡುವೆಯೇ ಕಂಡುಹಿಡಿಯಬಹುದು. ಗುಂಪು 1ಕ್ಕೆ ಒಮ್ಮೆ ಜಗ್ಗದಂತಾದ ಶಿಲೀಂಧ್ರ, ಔಷಧ ನಿಲ್ಲಿಸಿ ವರ್ಷಗಳಾದರೂ ಆ ಗುಣವನ್ನು ಬಿಡದೆ ಉಳಿಯಬಲ್ಲದು. "ಒಂದು ವರ್ಷ ಬಿಟ್ಟು ಮತ್ತ ಹೊಡದ್ರ?" ಎಂದು ಕೇಳಿದ್ದಕ್ಕೆ ಅವರು ಇಲ್ಲ ಎಂದು ತಲೆ ಅಲ್ಲಾಡಿಸಿದರು.

ಅಷ್ಟೆಲ್ಲ ಹೇಳಿದ ಮೇಲೂ "ನಿಮ್ಮ ಹುಲ್ಲಿನಾಗ ಹಂಗ ಆಗೇದ ಅಂತ ನಾ ಹೇಳಂಗಿಲ್ಲ, ನೀವ ನೋಡ್ರಿ" ಎಂದು ಒಂದು ಪರೀಕ್ಷೆ ಹೇಳಿಕೊಟ್ಟರು. ಈ ಅಂಗಡಿಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಅಲ್ಲಿ.

ರೋಗ ಒಂದೇ ಸಮ ಇದ್ದ ಮೂಲೆಯಲ್ಲಿ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ನಾಲ್ಕು ಚೌಕಗಳನ್ನು ಗೂಟ ಹೊಡೆದು ದಾರ ಕಟ್ಟಿ ಮಾಡಿದೆ. ಒಂದಕ್ಕೆ ಬರೀ ನೀರು. ಒಂದಕ್ಕೆ ಕಾರ್ಬೆಂಡಜಿಮ್, ಲೀಟರಿಗೆ ಒಂದು ಗ್ರಾಂ. ಒಂದಕ್ಕೆ ಪ್ರೋಪಿಕೊನಜೋಲ್, ಲೀಟರಿಗೆ ಒಂದು ಮಿಲಿ. ಇನ್ನೊಂದಕ್ಕೆ ಕ್ಲೋರೋಥಲೋನಿಲ್, ಲೀಟರಿಗೆ ಎರಡು ಗ್ರಾಂ. ಒಂದೊಂದು ಚೌಕಕ್ಕೆ ಸುಮಾರು 320 ಮಿಲಿ ದ್ರಾವಣ. ಅಳತೆಗೆ ಔಷಧದ ಸಿರಿಂಜ್ ಮತ್ತು ಬಂಗಾರದಂಗಡಿಯ ತಕ್ಕಡಿ, ಅದನ್ನು ಅಂಗಡಿಯವರೇ ಕೊಟ್ಟಿದ್ದರು. ನಾಲ್ಕು ಬೇರೆ ಬೇರೆ ಕೈಪಂಪಿನ ಬಾಟಲಿ, ಒಂದರ ಹನಿ ಇನ್ನೊಂದಕ್ಕೆ ಹಾರದಂತೆ ನಡುವೆ ರಟ್ಟು. ಹತ್ತು ದಿನ ಆ ಚೌಕಗಳ ಮೇಲೆ ಯಾರೂ ಕಾಲಿಡದಂತೆ ಕಾದೆ. ಹನ್ನೊಂದನೆಯ ದಿನ ಬೆಳಗ್ಗೆ ಜೀವಂತ ಚುಕ್ಕೆಗಳನ್ನು ಎಣಿಸಿದೆ. ನೀರಿನ ಚೌಕದಲ್ಲಿ 23. ಕಾರ್ಬೆಂಡಜಿಮ್ ಚೌಕದಲ್ಲಿ 21. ಪ್ರೋಪಿಕೊನಜೋಲಿನಲ್ಲಿ 6. ಕ್ಲೋರೋಥಲೋನಿಲ್ ಚೌಕದಲ್ಲಿ 9. ನೀರಿಗೂ ಸರಿಯಾದ ಅಳತೆಯ ಕಾರ್ಬೆಂಡಜಿಮ್ಮಿಗೂ ನನ್ನ ಹುಲ್ಲು ವ್ಯತ್ಯಾಸ ಮಾಡಲಿಲ್ಲ. ನಾನು ಕೊಂಡ ಕೂಡಿಸಿದ ಪುಡಿಯಲ್ಲಿ ಇಷ್ಟು ದಿನ ಕೆಲಸ ಮಾಡಿದ್ದು ಮ್ಯಾಂಕೋಜೆಬ್ ಒಂದೇ. ಒಂದೇ ಎತ್ತು ಎಳೆಯುತ್ತಿದ್ದ ಗಾಡಿಗೆ ನಾನು ಜೋಡೆತ್ತಿನ ಬಾಡಿಗೆ ಕೊಟ್ಟಿದ್ದೆ.

ಎಣಿಕೆಯ ಚೀಟಿ ಹಿಡಿದು ಹೋದೆ. ಪಕ್ಕದ ಲಾನಿನವರು ಅಜಾಕ್ಸಿಸ್ಟ್ರೋಬಿನ್ ಬಹಳ ಚೆನ್ನಾಗಿದೆ ಎಂದಿದ್ದರು, ತುಟ್ಟಿಯಾದರೂ ಅದನ್ನೇ ಕೊಡಿ ಎಂದೆ. ಮಗಳು ಅದನ್ನೂ ಕೊಡಲಿಲ್ಲ. ಅದು ಬೇರೆ ಎಷ್ಟೋ ರೋಗಗಳಿಗೆ ಒಳ್ಳೆಯ ಔಷಧ, ಆದರೆ ಡಾಲರ್ ಸ್ಪಾಟಿಗೆ ಹಿಡಿತ ಸಾಲದು ಎಂದರು. ಗುಂಪು 11 ಕೂಡ ಸ್ವಿಚ್ ಆರಿಸಿದ ಹಾಗೆ ಸೋಲುವಂಥದ್ದೇ. ಅಮೆರಿಕದಲ್ಲಿ ರೈ ಹುಲ್ಲಿನ ಬೂದು ಎಲೆಚುಕ್ಕೆ ರೋಗದ ಮೇಲೆ ಬಳಕೆಗೆ ಬಂದು ಕೆಲವೇ ವರ್ಷಗಳಲ್ಲಿ ಕೈಕೊಟ್ಟಿತಂತೆ. ಬೇಕಾದಾಗ ಕೈಗೆ ಸಿಗಲಿ ಎಂದು ಅದನ್ನು ಉಳಿಸಿಕೊಳ್ಳಬೇಕು. ಅವತ್ತು ನನ್ನಿಂದ ಅವರಿಗೆ ಬರಬಹುದಾಗಿದ್ದ ದೊಡ್ಡ ಬಿಲ್ಲು ಅದು.

ಕೊನೆಗೆ ಕೊಟ್ಟದ್ದು ಎರಡು ಡಬ್ಬಿ ಮತ್ತು ಒಂದು ನೂರು ಪುಟದ ನೋಟ್‌ಬುಕ್. ಮೊದಲು ಕ್ಲೋರೋಥಲೋನಿಲ್. ಹದಿನಾಲ್ಕು ದಿನ ಬಿಟ್ಟು, ಚುಕ್ಕೆ ಇದ್ದರೆ ಮಾತ್ರ, ಪ್ರೋಪಿಕೊನಜೋಲನ್ನು ಕ್ಲೋರೋಥಲೋನಿಲ್ ಜೊತೆ ಕೂಡಿಸಿ, ಎರಡಕ್ಕೂ ಪೂರ್ತಿ ಅಳತೆ. ಒಂದು ಹಂಗಾಮಿನಲ್ಲಿ ಗುಂಪು 3 ಎರಡೇ ಸಲ. ಬಿಸಿಲು ಹೆಚ್ಚಿದ್ದಾಗ ಅಳತೆ ಮೀರಿ ಹೊಡೆದರೆ ಬರ್ಮುಡಾ ಬೆಳೆಯದೆ ಗಿಡ್ಡವಾಗಿ ಮುದುಡುತ್ತದೆ ಎಂದು ಎಚ್ಚರಿಕೆ. ಕ್ಲೋರೋಥಲೋನಿಲ್ ಕಣ್ಣಿಗೆ ಬಿದ್ದರೆ ಕೆಟ್ಟದ್ದು, ನಮ್ಮ ಹುಡುಗರು ಕನ್ನಡಕ ಇಲ್ಲದೆ ಹೊಡೆಯುತ್ತಾರೆಂದು ಗೊತ್ತಾಗಿ ಎರಡು ಕನ್ನಡಕ, ಕೈಗವಸು ಕೊಂಡ ಬೆಲೆಗೇ ಕೊಟ್ಟರು. ನೋಟ್‌ಬುಕ್ಕಿನಲ್ಲಿ ತಾರೀಖು, ಹೆಸರು, ಸಂಖ್ಯೆ, ಅಳತೆ, ಎಷ್ಟು ಕ್ಯಾನು, ಅವತ್ತಿನ ಮಳೆ ಬಿಸಿಲು ಬರೆಯಬೇಕು. ಮುಂದಿನ ಸಲ ಆ ಪುಸ್ತಕ ತರದೆ ಹೋದರೆ ಎಣ್ಣೆ ಸಿಗುವುದಿಲ್ಲ. ಒಮ್ಮೆ ಮರೆತು ಹೋಗಿ ನವನಗರದವರೆಗೆ ವಾಪಸು ಬಂದು ಒಯ್ದಿದ್ದೇನೆ. ಈ ಪೊಟ್ಟಣಗಳ ಚೀಟಿಯಲ್ಲಿ ಭತ್ತ, ಶೇಂಗಾ ಇಂಥ ಬೆಳೆಗಳ ಹೆಸರಿದೆಯೇ ಹೊರತು ಹುಲ್ಲುಹಾಸಿನ ಹೆಸರಿಲ್ಲ ಎನ್ನುವುದನ್ನೂ ಅವರೇ ಮೊದಲು ಹೇಳಿದರು. ಅದನ್ನು ಮುಚ್ಚಿಟ್ಟು ಮಾರಲಿಲ್ಲ.

ಎಣ್ಣೆಗಿಂತ ಹೆಚ್ಚು ಮಾತು ಎಣ್ಣೆಯ ಹೊರಗಿನದರ ಬಗ್ಗೆ ಆಯಿತು. ಪದೇ ಪದೇ ಕತ್ತರಿಸುವುದು ತಪ್ಪಲಿ ಎಂದು ಗುತ್ತಿಗೆಯವರು ಯೂರಿಯಾ ಬಿಟ್ಟುಬಿಟ್ಟಿದ್ದರು. ಸಾರಜನಕ ಕಡಿಮೆಯಾದ ಹುಲ್ಲಿಗೇ ಡಾಲರ್ ಸ್ಪಾಟ್ ಹೆಚ್ಚು. ಗುಂಟೆಗೆ ಅರ್ಧ ಕಿಲೋದಂತೆ ಹಾಕಿ ನೀರು ಬಿಟ್ಟೆ, ಒಂದು ತಿಂಗಳ ಮೇಲೆ ಮತ್ತೊಮ್ಮೆ. ನಾವು ರೂಢಿಯಿಂದ ಸಂಜೆ ಏಳಕ್ಕೆ ನೀರು ಬಿಡುತ್ತಿದ್ದೆವು, ಹುಲ್ಲು ಮರುದಿನ ಒಂಬತ್ತರವರೆಗೆ ಹಸಿ. ನಮ್ಮ ಭಾದ್ರಪದ, ಆಶ್ವೀಜದ ತಂಪು ರಾತ್ರಿ, ಬೆಚ್ಚನೆಯ ಹಗಲು ಈ ಶಿಲೀಂಧ್ರಕ್ಕೆ ಹೇಳಿ ಮಾಡಿಸಿದ್ದು. ಈಗ ನೀರು ಬೆಳಗಿನ ಜಾವ ಐದಕ್ಕೆ. ಆರಕ್ಕೆ ಇಬ್ಬರು ಹುಡುಗರು ಮೂವತ್ತು ಅಡಿಯ ದಪ್ಪ ನೂಲಿನ ಹಗ್ಗವನ್ನು ಎರಡು ತುದಿ ಹಿಡಿದು ಲಾನಿನ ಈ ಕಡೆಯಿಂದ ಆ ಕಡೆಗೆ ಎಳೆದುಕೊಂಡು ನಡೆಯುತ್ತಾರೆ. ಹಗ್ಗ ಹೋದಲ್ಲೆಲ್ಲ ಬೆಳ್ಳಗಿದ್ದ ಹುಲ್ಲು ಒಮ್ಮೆಗೇ ಕಡು ಹಸಿರಾಗುತ್ತದೆ, ಹನಿ ಎಲ್ಲ ನೆಲಕ್ಕೆ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ. ಎಸಳು ಎರಡು ತಾಸು ಮೊದಲೇ ಒಣಗುತ್ತದೆ. ಸ್ವಂತ ಕತ್ತರಿಸುವ ಯಂತ್ರ ಕೊಂಡೆ, ಅದರ ಬ್ಲೇಡು ಪ್ರತಿ ಸಲ ತೊಳೆಯುತ್ತೇವೆ.

ಒಂದು ಸಂಗತಿ ಬರೆಯಲೇಬೇಕು. ಗಣೇಶ ಚೌತಿಯ ಹಿಂದಿನ ದಿನ ಸಂಜೆ ಓಣಿಯ ಮಕ್ಕಳು ನಮ್ಮ ಲಾನಿಗೆ ಗರಿಕೆ ಕೀಳಲು ಬರುವುದು ಮೊದಲಿನಿಂದ ರೂಢಿ. ಮೂರು ಎಸಳಿನ ತುದಿ ಆರಿಸಿ, ಇಪ್ಪತ್ತೊಂದರ ಕಟ್ಟು ಕಟ್ಟುತ್ತಾರೆ. ಹೋದ ವರ್ಷ ಒಬ್ಬ ಹುಡುಗಿ ಎರಡೂ ಕೈ ತುಂಬಿದ್ದರಿಂದ ಕಟ್ಟನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದಳು. ಹಿಂದಿನ ದಿನವೇ ಅಲ್ಲಿ ಎಣ್ಣೆ ಹೊಡೆಸಿದ್ದೆ. ಓಡಿಹೋಗಿ ಕಿತ್ತುಕೊಂಡೆ, ಬಾಯಿ ತೊಳೆಸಿದೆ, ಅವಳು ಅತ್ತಳು, ನನಗೂ ಕೈ ನಡುಗುತ್ತಿತ್ತು. ಅವಳಿಗೆ ಏನೂ ಆಗಲಿಲ್ಲ. ಇದನ್ನು ಅಂಗಡಿಯ ಹಿರಿಯರಿಗೆ ಹೇಳಿದಾಗ ಅವರು ಬೈಯಲಿಲ್ಲ. ಬಾವಿಯ ಪಕ್ಕದ ಅರ್ಧ ಗುಂಟೆಗೆ ಎಂದೂ ಎಣ್ಣೆ ಮುಟ್ಟಿಸಬೇಡಿ, ಬೇಲಿ ಕಟ್ಟಿ ದೇವರಿಗೆ ಬಿಡಿ ಎಂದರು. ಹೊಡೆಯದ ಜಾಗ ಒಂದಿದ್ದರೆ, ಹೊಡೆದ ಎಣ್ಣೆ ಕೆಲಸ ಮಾಡಿತೋ ಇಲ್ಲವೋ ಎಂದು ಪಕ್ಕದಲ್ಲಿಟ್ಟು ನೋಡಲೂ ಆಗುತ್ತದೆ. ಈಗ ಅಲ್ಲಿ ಬಿದಿರಿನ ಬೇಲಿ ಇದೆ. ಕಾರ್ಯಕ್ರಮಕ್ಕೆ ಹದಿನೈದು ದಿನ ಮೊದಲೇ ಎಣ್ಣೆ ನಿಲ್ಲಿಸುತ್ತೇನೆ, ಕೂಸುಗಳು ಆ ಹುಲ್ಲಿನ ಮೇಲೆ ಹೊರಳಾಡುತ್ತವೆ.

ತುಳಸಿ ಲಗ್ನದ ಹೊತ್ತಿಗೆ ಹುಲ್ಲು ಪೂರ್ತಿ ಸರಿಯಾಗಿತ್ತು ಎಂದರೆ ಸುಳ್ಳಾಗುತ್ತದೆ. ಉತ್ತರ ದಿಕ್ಕಿನ ಗೋಡೆಯ ನೆರಳಿನಲ್ಲಿ ಇನ್ನೂ ಹತ್ತು ಹನ್ನೆರಡು ಹಳದಿ ತುಂಡು ಉಳಿದಿದ್ದವು, ಅಲ್ಲಿ ಊಟದ ಮೇಜುಗಳನ್ನು ಹಾಕಿಸಿದೆ. ಉಳಿದದ್ದು ಹಸಿರು. ಈ ಅಂಗಡಿಗೆ ಹೋದ ಮೇಲೆ ಇಡೀ ಹಂಗಾಮಿಗೆ ಹೊಡೆದದ್ದು ಮೂರು ಸಲ. ಹಿಂದಿನ ವರ್ಷ ಇಪ್ಪತ್ತಕ್ಕೂ ಹೆಚ್ಚು ಸಲ.

ಅಂಗಡಿಯ ಕೊರತೆಗಳೂ ಇವೆ. ಓಣಿಯಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ. ಚಿಗರಿ ಬಸ್ಸಿಳಿದು ನಡೆದು ಹೋಗುವುದೇ ಮೇಲು. ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತದೆ. ಮುದ್ರಿಸಿದ ಬೆಲೆಗಿಂತ ಒಂದು ರೂಪಾಯಿ ಬಿಡುವುದಿಲ್ಲ, ಮನೆಗೆ ತಲುಪಿಸುವುದಿಲ್ಲ. ಕ್ಲೋರೋಥಲೋನಿಲ್ ಒಮ್ಮೆ ಖಾಲಿಯಾಗಿ ನಾಲ್ಕು ದಿನ ಕಾದೆ, ಆ ನಾಲ್ಕು ದಿನದಲ್ಲಿ ಚುಕ್ಕೆ ಹಬ್ಬಿತು. ಮಾರ್ಕರಿನ ಸಂಖ್ಯೆಯನ್ನು ಸ್ವಲ್ಪ ದೊಡ್ಡದಾಗಿ ಬರೆದರೆ ವಯಸ್ಸಾದವರಿಗೆ ಅನುಕೂಲ. ಹಿರಿಯರ ಮಾತು ಒರಟು. ಕೆಲಸದ ಹುಡುಗನನ್ನು ಕಳಿಸಿದರೆ ಅವನನ್ನೂ ಪ್ರಶ್ನೆ ಕೇಳಿ ಹೆದರಿಸುತ್ತಾರೆ, ಅವನು ಬರಿಗೈಲಿ ಬರುತ್ತಾನೆ. ಒಬ್ಬ ಗಿರಾಕಿಗೆ ಅರ್ಧ ತಾಸು ಹಿಡಿಯುತ್ತದೆ. ಗಡಿಬಿಡಿಯಲ್ಲಿದ್ದವರಿಗೆ ಈ ಅಂಗಡಿ ಆಗುವುದಿಲ್ಲ. ಬಿಲ್ಲು ಕೈಬರಹದ್ದೇ, ಆದರೆ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಎರಡನ್ನೂ ಬರೆಯುತ್ತಾರೆ.

ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಹೋಗುವವರು ಆರರ ಮೇಲೆ ಹೋಗಿ, ಆಗ ಮಗಳು ಇರುತ್ತಾರೆ. ಹಿಂದೆ ಹೊಡೆದ ಎಲ್ಲದರ ಖಾಲಿ ಪೊಟ್ಟಣ ಇಲ್ಲವೇ ಅದರ ಫೋಟೋ, ರೋಗದ ಅಂಚಿನಿಂದ, ಅರ್ಧ ಹಸಿರು ಅರ್ಧ ಒಣಗಿದ ಕಡೆಯಿಂದ ತೆಗೆದ ಅಂಗೈಯಗಲ ಹುಲ್ಲಿನ ಹೆಂಟೆ, ಬೇರು ಮಣ್ಣು ಸಮೇತ, ಹಳೆಯ ಪೇಪರಿನಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ದರೆ ದಾರಿಯಲ್ಲೇ ಬೆವತು ಕೊಳೆಯುತ್ತದೆ, ಮೊದಲ ಸಲ ನಾನು ಒಯ್ದದ್ದರಲ್ಲಿ ಅರ್ಧ ಹಾಗೇ ಹಾಳಾಗಿತ್ತು.